ಪಾಲಿಸಿ ರಾಯರು

ಬಿಟಿಎಂ ಲೇಔಟಿನ ಕಟ್ಟಡವೆಂದರೆ ಕೆಳಗೊಂದು ದರ್ಶಿನಿ, ಮೇಲೊಂದು ಪೀಜಿ, ಅದರ ಮೇಲೊಬ್ಬ ದಂತವೈದ್ಯರು, ಅವರ ತಲೆಯ ಮೇಲೊಂದು ಕಂಪನಿ. ಆ ಕಂಪನಿಯ ಗಾಜಿನ ಗೂಡಿನಲ್ಲಿ, ಊಟಕ್ಕೆ ಹೋದಾಗಲೂ ಕೊರಳಿನ ಐಡಿ ಕಾರ್ಡ್ ತೆಗೆಯದೆ ಇರುವವರೇ ಪಾಲಿಸಿ ರಾಯರು. ಹುದ್ದೆ 'ಹೆಡ್, ಪೀಪಲ್ ಅಂಡ್ ಕಲ್ಚರ್'. ಪೀಪಲ್ ಒಟ್ಟು ಹದಿನೆಂಟು ಮಂದಿ. ಕಲ್ಚರ್ ಅಂದರೆ ಶುಕ್ರವಾರದ ಸಮೋಸ. ಇವರು ಒಬ್ಬರೇ ಎಂದುಕೊಳ್ಳಬೇಡಿ. ಉಡುಪಿ ಗಾರ್ಡನ್ ಸಿಗ್ನಲ್ಲಿನಿಂದ ಸಿಲ್ಕ್ ಬೋರ್ಡಿನವರೆಗೆ ಯಾವ ಲಿಫ್ಟ್ ಹತ್ತಿದರೂ ಒಬ್ಬರು ಸಿಗುತ್ತಾರೆ.

ಒಂದು ಸಂಜೆ ಮಾಲೀಕರು, "ರಾಯರೇ, ಇನ್ವೆಸ್ಟರ್ ಹ್ಯಾಂಡ್‌ಬುಕ್ ಕೇಳ್ತಿದ್ದಾರೆ. ನಾಳೆ ಬೆಳಿಗ್ಗೆ ಒಳಗೆ ಒಂದು ರೆಡಿ ಮಾಡಿಬಿಡಿ" ಅಂದರು. ಕಾನೂನು ಮಾಡಲು ವಿಧಾನಸೌಧಕ್ಕೆ ಎರಡು ಸದನ ಬೇಕು. ರಾಯರಿಗೆ ಎರಡು ಬೆರಳು ಸಾಕು, ಒಂದು ಕಾಪಿಗೆ, ಇನ್ನೊಂದು ಪೇಸ್ಟಿಗೆ. ಬೆಳಗಾಗುವಷ್ಟರಲ್ಲಿ 72 ಪುಟದ ಸಂವಿಧಾನ ಸಿದ್ಧ. ಎಲ್ಲ ಕಡೆ ಕಂಪನಿಯ ಹೆಸರು ಬದಲಾಯಿಸಿದ್ದರು, 41ನೇ ಪುಟ ಒಂದನ್ನು ಬಿಟ್ಟು. ಹೀಗಾಗಿ ಆ ಹದಿನೆಂಟು ಮಂದಿಯೂ ಇವತ್ತಿಗೂ 41ನೇ ಪುಟದಲ್ಲಿ ಟೆಕ್ಸಾಸಿನ ಯಾವುದೋ ಟ್ರಾಕ್ಟರ್ ಕಂಪನಿಗೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿದ್ದಾರೆ.

ಅದರಲ್ಲಿ ಹಿಮಪಾತದ ದಿನ ಏನು ಮಾಡಬೇಕೆಂದು ಒಂದೂವರೆ ಪುಟವಿದೆ. ಮಳೆಯ ಸುದ್ದಿಯಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಮೊಣಕಾಲುದ್ದ ನೀರಲ್ಲಿ ಸ್ಕೂಟರ್ ತಳ್ಳಿಕೊಂಡು ಬಂದ ಹಾಸನದ ಹುಡುಗ, "ಸಾರ್, ಲೇಟ್ ಮಾರ್ಕ್ ಹಾಕ್ಬೇಡಿ" ಎಂದು ಗೋಗರೆದರೆ ರಾಯರು ಪುಟ ಮಗುಚಿ, "ಮಳೆಗೆ ಕ್ಲಾಸ್ ಇಲ್ಲಪ್ಪ. ಹಿಮ ಬಿತ್ತು ಅಂತ ಮೇಲ್ ಹಾಕು, ಅಪ್ರೂವ್ ಮಾಡ್ತೀನಿ" ಅಂದರು.

ರಜೆಯಲ್ಲಿ ಅವರು ಕರ್ಣನನ್ನೂ ಮೀರಿಸಿದವರು: 'ಅನ್‌ಲಿಮಿಟೆಡ್ ಲೀವ್'. ಲೆಕ್ಕ ಇಲ್ಲದ್ದಕ್ಕೆ ಬಾಕಿಯೂ ಇಲ್ಲ, ಬಾಕಿ ಇಲ್ಲದ್ದಕ್ಕೆ ಹಣವೂ ಇಲ್ಲ! 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇಷ್ಟು ಉದಾರಿಯಲ್ಲ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆ ಎಂದು ಜಿಪುಣತನದಿಂದ ಲೆಕ್ಕ ಹಾಕುತ್ತದೆ. ಆದರೆ ಹಾಕಿದ ಲೆಕ್ಕವನ್ನು ಕೊಡಿಸುತ್ತದೆ. ಹಬ್ಬದ ಪಟ್ಟಿಯಲ್ಲಿ ರಾಯರು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ಗೆ ರಜೆ ಕೊಟ್ಟು ನವೆಂಬರ್ 1ರಂದು ಮೀಟಿಂಗ್ ಇಟ್ಟಿದ್ದರು. ರಾಜ್ಯೋತ್ಸವ, ಮೇ ದಿನ, ಗಾಂಧಿ ಜಯಂತಿಗಳು ಈ ರಾಜ್ಯದಲ್ಲಿ ಮಾಲೀಕರ ಮರ್ಜಿಯ ರಜೆಗಳಲ್ಲ, 1963ರ ಕಾಯ್ದೆಯ ರಜೆಗಳು ಎಂದು ಅಕೌಂಟ್ಸ್ ಮೇಡಂ ನೆನಪಿಸಿದ ಮೇಲೆ, ಟರ್ಕಿ ಕೋಳಿಯ ಹಬ್ಬ ಬಿಟ್ಟುಕೊಟ್ಟರು.

ರಾಯರ ಪ್ರೀತಿಯ ಅಧ್ಯಾಯ ನಾನ್-ಕಾಂಪೀಟ್. ಕೆಲಸ ಬಿಟ್ಟವರು ಎರಡು ವರ್ಷ 'ಇಡೀ ಬ್ರಹ್ಮಾಂಡದಲ್ಲಿ ಎಲ್ಲಿಯೂ' ಇದೇ ಕೆಲಸ ಮಾಡಕೂಡದು. ಹಾಸನದ ಹುಡುಗ, "ಮಂಗಳ ಗ್ರಹದಲ್ಲೂ ಮಾಡಂಗಿಲ್ವಾ ಸಾರ್?" ಎಂದು ಕೇಳಿದ. "ಅಲ್ಲಿ ಬ್ರ್ಯಾಂಚ್ ಆದ್ಮೇಲೆ ನೋಡೋಣ ಬಿಡು" ಅಂದರು. ಹೀಗೆ ಮನುಷ್ಯನ ಕಸುಬಿಗೇ ತಡೆ ಹಾಕುವ ಕರಾರು ಊರ್ಜಿತವಲ್ಲ ಎಂದು ಭಾರತೀಯ ಕರಾರು ಕಾಯ್ದೆಯ 27ನೇ ಕಲಂ 1872ರಲ್ಲೇ ಹೇಳಿದೆ. ಕಂಪನಿಯ ಗುಟ್ಟು ಹೊರಹಾಕಬೇಡ ಅನ್ನಬಹುದು. ದುಡಿದು ತಿನ್ನಬೇಡ ಅನ್ನುವ ಹಾಗಿಲ್ಲ. ಇದು ರಾಯರಿಗೆ ಗೊತ್ತಿಲ್ಲವೆ? ಅವರೇ ಎದುರು ರಸ್ತೆಯ ಪ್ರತಿಸ್ಪರ್ಧಿ ಕಂಪನಿ ಬಿಟ್ಟು ಬಂದವರು. ಶುಕ್ರವಾರ ಅಲ್ಲಿ ಸಮೋಸ ತಿಂದು, ಸೋಮವಾರ ಇಲ್ಲಿ ಲಾಗಿನ್ ಆದವರು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವಧಿಗೆ ಮೊದಲೇ ಕೆಲಸ ಬಿಡುವ ಅಧಿಕಾರಿ ತೆರಬೇಕಾದ ವಿಜಯಾ ಬ್ಯಾಂಕಿನ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಾಗ ರಾಯರು ಆ ಸುದ್ದಿಯ ತಲೆಬರಹ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಕೆಳಗಿನದನ್ನು ಕತ್ತರಿಸಲಿಲ್ಲ. ಅಲ್ಲಿದ್ದದ್ದು ಸರ್ಕಾರಿ ಬ್ಯಾಂಕಿನ ನೇಮಕಾತಿಯ ಖರ್ಚಿನ ಮಾತು, ಆ ಅಧಿಕಾರಿಯ ಸಂಬಳಕ್ಕೆ ಆ ಮೊತ್ತ ಹೊರೆಯಲ್ಲ ಎಂಬ ಮಾತು. ಲಿಂಕ್ಡ್‌ಇನ್ನಿನಲ್ಲಿ 'ಹಾಯ್' ಎಂದು ಕಳಿಸಿ ಹಿಡಿದು ತಂದ, ತಿಂಗಳಿಗೆ ಇಪ್ಪತ್ತೆರಡು ಸಾವಿರದ ಹುಡುಗನಿಗೆ ಅದನ್ನೇ ತೊಡಿಸಿದರೆ ಕೋರ್ಟ್ ಏನೆಂದೀತು ಎಂಬ ಗೊಡವೆ ರಾಯರಿಗಿಲ್ಲ.

ಹತ್ತು ಜನರಿಗಿಂತ ಕಡಿಮೆ ಇಲ್ಲದ ಕಡೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ರಾಯರು ತಕ್ಷಣ ಮಾಡಿದರು: ಅಧ್ಯಕ್ಷರು ರಾಯರು, ಸದಸ್ಯರು ಮಾಲೀಕರು, ಹೊರಗಿನ ಸದಸ್ಯ ನಿಜಕ್ಕೂ ಹೊರಗೇ ಕೂರುವ ಸೆಕ್ಯೂರಿಟಿಯವನು. ಅಧ್ಯಕ್ಷಸ್ಥಾನದಲ್ಲಿ ಹಿರಿಯ ಮಹಿಳಾ ಉದ್ಯೋಗಿಯೇ ಇರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರು ವಿಷಯ ಬಲ್ಲವರಾಗಿರಬೇಕು, ಇಲ್ಲದಿದ್ದರೆ 50 ಸಾವಿರದವರೆಗೆ ದಂಡ ಎಂದು ಅಕೌಂಟ್ಸ್ ಮೇಡಂ ಮತ್ತೆ ಬಾಯಿ ಬಿಡಬೇಕಾಯಿತು. ಐವತ್ತು ಸಾವಿರ ಎಂದದ್ದು ಮಾಲೀಕರ ಕಿವಿಗೆ ಬಿದ್ದಿತು. ಅಂದೇ ಮಧ್ಯಾಹ್ನ ಮೇಡಂ ಅಧ್ಯಕ್ಷೆಯಾದರು.

ಅಷ್ಟರಲ್ಲಿ 2025ರ ನವೆಂಬರ್ 21 ಬಂತು. 29 ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಜಾರಿಯಾದವು. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಕೆಲಸ ಬಿಟ್ಟವರ ಸಂಬಳದ ಬಾಕಿ ಎರಡು ಕೆಲಸದ ದಿನಗಳೊಳಗೆ ತೀರಬೇಕು. ರಾಯರ ಪಾಲಿಸಿಯಲ್ಲಿ 'ಫುಲ್ ಅಂಡ್ ಫೈನಲ್' 45 ದಿನದ ಮೇಲೆ, ಅದೂ ಮಾಲೀಕರ ಮೂಡ್ ನೋಡಿಕೊಂಡು. ಫೈಲುಗಳನ್ನು ತಿರುವಿಹಾಕಿದಾಗ ಇನ್ನೊಂದು ಸತ್ಯ ಹೊರಬಿತ್ತು. ಹದಿನೇಳು ಮಂದಿಯ ಪತ್ರವಿತ್ತು, ಒಬ್ಬರದು ಇರಲಿಲ್ಲ. ಆ ಒಬ್ಬರು ರಾಯರೇ.

ಅಂದು ರಾತ್ರಿ ಕೂತು ತಮ್ಮ ಪತ್ರ ತಾವೇ ಬರೆದುಕೊಂಡರು. ಎರಡೇ ಪುಟ. ಸಂಬಳ ಇಷ್ಟು, ಕೆಲಸ ದಿನಕ್ಕೆ 9 ಗಂಟೆ ಮೀರದಂತೆ, ವಾರಕ್ಕೆ 48 ಮೀರದಂತೆ. ನೋಟಿಸ್ ಎರಡೂ ಕಡೆಗೆ ಒಂದು ತಿಂಗಳು. ಸಕಾರಣವಿಲ್ಲದೆ ತೆಗೆಯುವಂತಿಲ್ಲ. ರಜೆ 20ಕ್ಕೊಂದು, ಬಾಕಿ ಎರಡು ದಿನದೊಳಗೆ. ಬಾಂಡಿಲ್ಲ, ಬ್ರಹ್ಮಾಂಡವಿಲ್ಲ, ಹಿಮವಿಲ್ಲ. ಒಂದೇ ಒಂದು ಸಾಲೂ ಎಲ್ಲಿಂದಲೂ ಕದ್ದದ್ದಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದವರು ಓದಿದರೂ ತಪ್ಪು ಹುಡುಕಲಾರರು.

ಪ್ರಿಂಟರಿನ ಬಳಿ ಅದನ್ನು ಕಂಡ ಹುಡುಗ, "ಸಾರ್, ನಿಮ್ಮ ಕರಾರಲ್ಲಿ ನಾನ್-ಕಾಂಪೀಟೇ ಇಲ್ವಲ್ಲ?" ಅಂದ.

"ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಕಣಪ್ಪ" ಎಂದರು ರಾಯರು, ತಣ್ಣಗೆ.

ಕಾನೂನು ಕೊಟ್ಟದ್ದನ್ನು ನಿಮ್ಮ ಸಹಿ ಕಿತ್ತುಕೊಳ್ಳಲಾರದು. ಕಿತ್ತುಕೊಳ್ಳುತ್ತದೆಂದು ನಂಬಿಸುವುದಕ್ಕೇ ಉಳಿದ ಎಪ್ಪತ್ತು ಪುಟ. ಆದ್ದರಿಂದ, ಹೊಸ ಕೆಲಸಕ್ಕೆ ಸೇರುವವರೇ, ಪೆನ್ನು ತೆಗೆಯುವ ಮೊದಲು ಗಾಜಿನ ಗೂಡಿನೊಳಗಿನವರನ್ನು ವಿನಯದಿಂದ ಒಂದೇ ಮಾತು ಕೇಳಿ: "ಸಾರ್, ನಿಮ್ಮದನ್ನ ಸ್ವಲ್ಪ ತೋರಿಸ್ತೀರಾ?"