ಕಟ್ ಅಂತು, ತಿರುಗಲಿಲ್ಲ

ನಮ್ಮ ಭಾಮೈದ ದೋಣಿ ಕೊಂಡ ಅನ್ನೋ ಸುದ್ದಿಯನ್ನು ತಿಪಟೂರಿನಲ್ಲಿ ಯಾರೂ ನಂಬಲಿಲ್ಲ. ಕೆರೆ ಕೋಡಿ ಬಿದ್ದರೆ ಏರಿ ಮೇಲೆ ನಿಂತೇ ನೋಡುತ್ತಿದ್ದ ಪ್ರಾಣಿ ಅದು. ಈಗ ಅವನಿರುವ ಆಕ್ಲೆಂಡಿನಲ್ಲಿ ಊರಿಗೆ ಊರೇ ಹಾಯಿ ಬಿಚ್ಚಿಕೊಂಡು ಓಡಾಡುವಾಗ ತಾನೊಬ್ಬ ದಡದಲ್ಲಿ ಕೂತರೆ ಮರ್ಯಾದೆಯಲ್ಲ ಅನ್ನಿಸಿತಂತೆ. ಒಂಬತ್ತು ಮೀಟರಿನ ಹಳೇ ದೋಣಿ. ಅದರ ಮೂತಿಯ ಮೇಲೊಂದು ಫಳಫಳ ಯಂತ್ರ, ಹೆಸರು ವಿಂಡ್‌ಲಾಸ್. "ಬಟನ್ ಒತ್ತಿದರೆ ಲಂಗರು ತಾನೇ ಮೇಲೆ ಬರುತ್ತೆ ಭಾವ" ಅಂತ ಫೋನಿನಲ್ಲಿ ಎಷ್ಟು ಸಲ ಹೇಳಿದ್ದ ಅಂದರೆ, ನಾನೂ ನನ್ನಾಕೆಯೂ ನ್ಯೂಜಿಲೆಂಡಿಗೆ ಹೋದದ್ದೇ ಆ ಬಟನ್ ನೋಡಲು ಅನ್ನಬಹುದು.

ಕರೆದುಕೊಂಡು ಹೋದದ್ದು ರಂಗಿಟೋಟೊ ದ್ವೀಪದ ಪಕ್ಕದ ಇಸ್ಲಿಂಗ್ಟನ್ ಕೊಲ್ಲಿಗೆ. ಸುಮಾರು 600 ವರ್ಷದ ಹಿಂದೆ ಸಮುದ್ರದೊಳಗಿಂದ ಉಕ್ಕಿ ಎದ್ದ ಜ್ವಾಲಾಮುಖಿ ಆ ದ್ವೀಪ. ಕೊಲ್ಲಿಗೆ ಹಿಂದೆ ಕುಡುಕರ ಕೊಲ್ಲಿ ಅಂತಲೇ ಹೆಸರಿತ್ತಂತೆ. ಕುಡಿದ ನಾವಿಕರ ಅಮಲು ಇಳಿಯುವವರೆಗೆ ಹಡಗುಗಳು ಅಲ್ಲಿ ನಿಲ್ಲುತ್ತಿದ್ದವಂತೆ. ನಮ್ಮವನಿಗೂ ಒಂದು ಅಮಲು ಇಳಿಯಬೇಕಿತ್ತು, ಇಳಿಯಿತು.

ಲಂಗರು ಬಿಡುವಾಗ ಏನೂ ತೊಂದರೆಯಿಲ್ಲ. ಬಾವಿಗೆ ಪಾತಾಳಗರಡಿ ಬಿಟ್ಟ ಹಾಗೆ ಝಣಝಣ ಇಳಿದು ಕೆಸರಲ್ಲಿ ಕೂತಿತು. ಪುಳಿಯೋಗರೆ ತಿಂದೆವು. ಹೊರಡುವ ಹೊತ್ತಿಗೆ ಬಟನ್ ಒತ್ತಿದ. ಕಟ್. ಇನ್ನೊಮ್ಮೆ. ಕಟ್. ಶಬ್ದ ಬಂತು, ಚಕ್ರ ತಿರುಗಲಿಲ್ಲ.

ಸಾಫ್ಟ್‌ವೇರಿನವನಲ್ಲವೇ, ಮೊದಲು ಆಫ್ ಮಾಡಿ ಆನ್ ಮಾಡಿದ. ಆಮೇಲೆ ಒಂದು ನಿಮಿಷ ಕಾದು ಆಫ್ ಮಾಡಿ ಆನ್ ಮಾಡಿದ. ನಾನು ಮೂವತ್ತು ವರ್ಷ ಬೋರ್‌ವೆಲ್ ಮೋಟಾರಿನ ಜೊತೆ ಸಂಸಾರ ಮಾಡಿದವನು. ಕಾರ್ಬನ್ ಬ್ರಷ್ ಸಿಕ್ಕಿಕೊಂಡಿರಬೇಕು ಅಂತ ಮೋಟಾರಿನ ಬೆನ್ನಿಗೆ ಸುತ್ತಿಗೆಯ ಹಿಡಿಯಿಂದ ಎರಡು ಕೊಟ್ಟೆ. "ಭಾವ, ಪೇಂಟು!" ಅಂತ ಕೂಗಿದ. ಯಂತ್ರ ಮಾತ್ರ ಕೂಗಲಿಲ್ಲ.

ಮೀಟರ್ ತಂದ. ಬ್ಯಾಟರಿಯಲ್ಲಿ 12.6 ವೋಲ್ಟ್, ಮೂತಿಯವರೆಗೆ ಬಂದ ತಂತಿಯಲ್ಲೂ 12.6. "ಕರೆಂಟೆಲ್ಲ ಸರಿಯಿದೆ, ಮೋಟಾರೇ ಸುಟ್ಟಿದೆ" ಅಂತ ತೀರ್ಪು ಕೊಟ್ಟೇಬಿಟ್ಟ. ನನಗೆ ನಗು ತಡೆಯಲಿಲ್ಲ. ನಮ್ಮ ತೋಟದಲ್ಲೂ ಪಂಪು ನಿಂತಿದ್ದಾಗ ವೋಲ್ಟೇಜು ಭರ್ತಿ, ಸ್ಟಾರ್ಟರ್ ಒತ್ತಿದ ಕೂಡಲೇ ಪಾತಾಳ. ಕೆಲಸವಿಲ್ಲದಾಗ ಎಲ್ಲರೂ ಪೈಲ್ವಾನರೇ. "ಅಕ್ಕ ಬಟನ್ ಒತ್ತಲಿ, ಒತ್ತಿರುವಾಗ ಅಳೆಯೋ" ಅಂದೆ. ಮೋಟಾರಿನ ಬುಡದಲ್ಲಿ ಏಳು ವೋಲ್ಟ್! ಎಂಜಿನ್ ಚಾಲೂ ಮಾಡಿದಾಗ ಬ್ಯಾಟರಿ 13.8ಕ್ಕೆ ಏರಿತು, ಮೋಟಾರಿನ ಹತ್ತಿರದ ಏಳು ಹೆಚ್ಚು ಕದಲಲಿಲ್ಲ. ಅಂದರೆ ಕಳ್ಳ ನಡುದಾರಿಯಲ್ಲಿದ್ದಾನೆ.

ದೋಣಿಯವರು ಇದನ್ನು ತಿಳಿದಿರಬೇಕು. ಮನೆಯ 750 ವಾಟ್ ಮಿಕ್ಸಿ 230 ವೋಲ್ಟಿನಲ್ಲಿ ಮೂರು ಚಿಲ್ಲರೆ ಆಂಪಿಯರ್ ಕುಡಿದರೆ, 12 ವೋಲ್ಟಿನಲ್ಲಿ ಓಡುವ ಸಾವಿರ ವಾಟಿನ ಈ ಯಂತ್ರಕ್ಕೆ 80ಕ್ಕಿಂತ ಹೆಚ್ಚು ಬೇಕು. ಹಾಗಾಗಿ ಅದರ ತಂತಿ ಹೆಬ್ಬೆರಳು ದಪ್ಪ. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಒಂದು ಸಡಿಲ ಜೋಡಣೆ ಸಾಕು, ವೋಲ್ಟೆಲ್ಲ ಅಲ್ಲೇ ಬಿಸಿಯಾಗಿ ಹೋಗುತ್ತೆ. ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ, ಕಟ್ ಅನ್ನುವ ರಿಲೇಗೆ ಚೂರು ಕರೆಂಟ್ ಸಾಕು, ಅದು ತನ್ನ ಪಾಡಿಗೆ ಸಲಾಮು ಹೊಡೆಯುತ್ತಲೇ ಇರುತ್ತೆ.

ರಿಲೇ ಪೆಟ್ಟಿಗೆಯನ್ನು ಯಾವನೋ ಪುಣ್ಯಾತ್ಮ ಸರಪಳಿ ತುಂಬುವ ಗೂಡಿನಲ್ಲೇ ಇಟ್ಟಿದ್ದ. ಉಪ್ಪುನೀರು ದಿನಾ ತೊಟ್ಟಿಕ್ಕುವ ಜಾಗ. ಮೇನ್ ಸ್ವಿಚ್ ಆರಿಸಿ ಮುಚ್ಚಳ ತೆಗೆದರೆ ಟರ್ಮಿನಲ್ಲೆಲ್ಲ ಹಸಿರು ಪುಡಿ. "ಇದೇನಿದು?" ಅಂತ ಭಾಮೈದ ಮೊಬೈಲಿನಲ್ಲಿ ಫೋಟೊ ತೆಗೆಯತೊಡಗಿದ. ನನ್ನಾಕೆ ಬಗ್ಗಿ ನೋಡಿ, "ಕಿಲುಬು ಕಣೋ. ಅಮ್ಮನ ತಾಮ್ರದ ಹಂಡೆ ಮರೆತೆಯಾ? ಹುಣಸೆಹಣ್ಣು ಹಾಕಿ ಉಜ್ಜು" ಅಂದಳು. ಗೊಜ್ಜಿನ ಡಬ್ಬಿಗೆ ಕೈ ಹಾಕಿಯೂ ಬಿಟ್ಟಿದ್ದಳು; ಅದರಲ್ಲೂ ಉಪ್ಪಿದೆ ಅಂತ ತಡೆದೆ. ಮರಳುಕಾಗದದಲ್ಲಿ ಉಜ್ಜಿ, ನಟ್ಟು ಬಿಗಿದೆವು.

ಆ ಉಜ್ಜಾಟದ ನಡುವೆ ಅವಳೊಂದು ಪ್ರಶ್ನೆ ಕೇಳಿದಳು: "ಅಲ್ಲ ರೀ, ಕೈಯಲ್ಲಿ ಎಳೆದರೆ ಆಗಲ್ವಾ?" ಲೆಕ್ಕ ಹಾಕಿದೆ. ಎಂಟು ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೊ. ದೋಣಿಯನ್ನು ಎಂಜಿನ್ನಿನಿಂದ ಲಂಗರಿನ ನೆತ್ತಿಗೆ ತಂದರೆ, ಐದು ಮೀಟರ್ ನೀರಿನಲ್ಲಿ ತೂಗುವುದು ಏಳು ಕಿಲೊ, ಲಂಗರು ಹತ್ತು. ತುಂಬಿದ ದೊಡ್ಡ ಕೊಡಪಾನ ಅಷ್ಟೇ! ದೋಣಿಯನ್ನು ನೆತ್ತಿಗೆ ತರದೆ, ದೋಣಿಯನ್ನೂ ಎಳೆಯಲಿ ಅಂತ ಬಟನ್ ಒತ್ತಿ ನಿಲ್ಲುವುದರಿಂದಲೇ ಈ ಯಂತ್ರಗಳು ಅರ್ಧ ಆಯಸ್ಸಿಗೆ ಸಾಯೋದು. ಭಾಮೈದ ಮುಖ ಆ ಕಡೆ ತಿರುಗಿಸಿದ. ಒತ್ತಿ ನಿಂತವನೇ ಅವನು.

ಕೊನೆಗೂ ಗುರ್ ಅಂತು. ಕೊಂಡಿಗಳು ಒಂದೊಂದೇ ರಾಟೆಯ ಗೂಡಿನಲ್ಲಿ ಕೂತು ಮೇಲೆ ಬಂದವು. ಕಪ್ಪು ಕೆಸರು ಮೆತ್ತಿಕೊಂಡ ಲಂಗರು ಕಾಣುವ ಹೊತ್ತಿಗೆ ಮತ್ತೆ ನಿಂತಿತು. "ಮುಗೀತು, ಹೊಸದೇ ತರಬೇಕು" ಅಂದ. ನೋಡಿದರೆ, ಒಳಗೆ ಬಿದ್ದ ಸರಪಳಿ ರಾಗಿ ರಾಶಿಯ ಹಾಗೆ ಚೂಪಾಗಿ ಎದ್ದು ಮೇಲಿನ ಬಾಯಿಗೇ ತಾಗಿತ್ತು. ಅವನಕ್ಕ ಸ್ವಿಚ್ ಆರಿಸಲು ಹೇಳಿ ಕೊಡೆಯ ತುದಿಯಿಂದ ರಾಶಿ ಕೆಡವಿದಳು.

ಊರಿಗೆ ಬಂದ ವಾರಕ್ಕೆ ನಮ್ಮ ತೋಟದ ಸ್ಟಾರ್ಟರ್ ಕಟ್ ಅಂತು, ಪಂಪು ಏಳಲಿಲ್ಲ. ಮೀಟರ್ ಹಿಡಿದು ನೋಡಿದೆ, ಲೈನು ಸರಿಯಿದೆ. ಮೋಟಾರ್ ಎತ್ತಿಸಲು ಜನ ಕರೆಯೋಣ ಅಂತಿದ್ದಾಗ ಆಕ್ಲೆಂಡಿನಿಂದ ವಿಡಿಯೊ ಕಾಲ್ ಬಂತು.

"ಭಾವ, ಒತ್ತಿರುವಾಗ ಅಳೆದಿರಾ?"