ಎಲೆ ಇಳಿದ ಮೇಲೆ ಹೇಳುವ ರೂಲ್ಸು

ಕಲ್ಲಿನ ಸೈನಿಕನೊಬ್ಬ ಕತ್ತಿ ಬೀಸಿ ಚಂದ್ರನನ್ನು ಒಡೆದ. ಚಂದ್ರ ಹೋದದ್ದೇ ತಡ, ಸಮುದ್ರ ಹಿಂದೆ ಸರಿಯಿತು. ನೀರಿನಲ್ಲಿ ಅವಿತಿದ್ದ ಎದುರಾಳಿಯ ಜಲರಾಕ್ಷಸರೆಲ್ಲ ಮಲ್ಪೆ ದಕ್ಕೆಯ ಬಂಗುಡೆಯ ಹಾಗೆ ಬಾಯಿ ಬಿಟ್ಟು ಬಿದ್ದರು. ಮಗ ಸೋಫಾದ ಮೇಲೆ ಕುಣಿದ. ಇಷ್ಟೆಲ್ಲ ನಡೆದದ್ದು ಒಂದು ಇಸ್ಪೀಟಾಟದಲ್ಲಿ.

"ಚಂದ್ರನಿಗೆ ಹೊಡೀಬಹುದು ಅಂತ ರೂಲ್ಸು ಉಂಟಾ?" ಕೇಳಿದೆ.

ಮಗ ಕನಿಕರದಿಂದ ನೋಡಿದ. "ಹೊಡೆದ ಮೇಲೆ ಇರ್ತದೆ ಅಪ್ಪ."

ಕುವೈತಿನ ಬ್ನೇದ್ ಅಲ್ ಗಾರ್‌ನ ಜುಲೈ. ಹೊರಗೆ ಐವತ್ತು ಡಿಗ್ರಿಯ ಸುತ್ತಮುತ್ತ. ಗಾರ್ ಎಂದರೆ ಹಿಂದೆ ಹಡಗಿನ ಬಿರುಕಿಗೆ ಬಳಿಯುತ್ತಿದ್ದ ಕಪ್ಪು ಡಾಂಬರು. ಇಲ್ಲಿಗೆ ಎರಡು ವರ್ಷಕ್ಕೆಂದು ಬಂದು ಇಪ್ಪತ್ತು ವರ್ಷ ಅಂಟಿಕೊಂಡವರಿಗೆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ರಜೆ, ಎ.ಸಿ. ನಿಲ್ಲುವಂತಿಲ್ಲ, ಮಗನ ಮುಂದೆ 'ಯು-ಗಿ-ಓ' ಮೊದಲ ಸೀಸನ್. ಕಜುಕಿ ತಕಹಾಶಿ 1996ರಲ್ಲಿ ಶುರು ಮಾಡಿದ ಜಪಾನಿ ಚಿತ್ರಕಥೆ, 2000ದಲ್ಲಿ ಈ ಟೀವಿ ಸರಣಿಯಾಗಿ, ಮರುವರ್ಷ ಅಮೆರಿಕದ ಇಂಗ್ಲಿಷ್ ಹಚ್ಚಿಕೊಂಡು ಲೋಕಸಂಚಾರಕ್ಕೆ ಹೊರಟಿತು. ಇಂಗ್ಲಿಷಿನ ಮೊದಲ ಸೀಸನ್ನಿಗೆ 49 ಕಂತು. ಅದರಲ್ಲಿ ನಾಯಕ ಯೂಗಿಗೂ ಖಳ ಪೆಗಾಸಸ್‌ಗೂ ನಡೆಯುವ ಒಂದೇ ಆಟಕ್ಕೆ ಐದು ಕಂತು.

ಐದು ಕಂತು ಹೇಗೆ ಹಿಡಿಯುತ್ತದೆ ಎಂದು ಕರಾವಳಿಯವರು ಕೇಳಬಾರದು. ಎಲೆ ಇಳಿಸುವ ಮೊದಲು ಇವರು ತಮ್ಮ ಕುಲಗೋತ್ರ ಹೇಳಬೇಕು; ಇಳಿಸಿದ ಮೇಲೆ ಎಲೆಯ ಕುಲಗೋತ್ರ ಹೇಳಬೇಕು; ಎದುರಾಳಿ ಬೆವರುತ್ತ ಅದನ್ನೇ ಇನ್ನೊಮ್ಮೆ ಹೇಳಬೇಕು. ಪಕ್ಕದಲ್ಲಿ ನಿಂತ ಸ್ನೇಹಿತರು ಭಾಗವತರಿಗಿಂತ ಗಟ್ಟಿಯಾಗಿ ಕೂಗುತ್ತಾರೆ. ಚೆಂಡೆಯೊಂದು ಇಲ್ಲ ಎನ್ನುವುದು ಬಿಟ್ಟರೆ ಶುದ್ಧ ತಾಳಮದ್ದಳೆ. ಆದರೆ ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ಜಗ್ಗಿದರೂ ಪ್ರಸಂಗ ತಪ್ಪುವುದಿಲ್ಲ, ವಾಲಿ ಸಾಯಲೇಬೇಕು. ಇಲ್ಲಿ ಪ್ರಸಂಗವೇ ಆಟಗಾರನ ತೋಳಿನೊಳಗಿದೆ. ಹಾರುವ ಕೋಟೆಯನ್ನು ಕೆಡವಬೇಕೆ? ಡ್ರ್ಯಾಗನ್ ಸವಾರನನ್ನು ಆಮೆಯ ಬೆನ್ನಿನ ಕವಣೆಯಿಂದ ಚಿಮ್ಮಿಸಿದರಾಯಿತು. ಬಿದ್ದ ಮೇಲೆ ನಿಯಮ ಪ್ರಕಟವಾಗುತ್ತದೆ.

ನಗುತ್ತಿದ್ದೆ. ಮೂರನೇ ದಿನದ ಹೊತ್ತಿಗೆ ನಗು ನಿಂತಿತು.

ಮೊದಲ ಸೀಸನ್ನಿನಲ್ಲಿ ಆಟಗಾರನಿಗೆ 2000 ಲೈಫ್ ಪಾಯಿಂಟ್. ಮುಂದಿನ ಸೀಸನ್ನಿಗೆ 4000. ಅಂಗಡಿಯಲ್ಲಿ ಮಾರುವ ನಿಜವಾದ ಆಟದಲ್ಲಿ 8000. "ಯಾಕೆ ಹೀಗೆ ಏರಿಸ್ತಾರೆ?" ಎಂದು ಕೇಳುವ ಹಕ್ಕು ನನಗಿರಲಿಲ್ಲ. ಹೆಂಡತಿ ಮಕ್ಕಳನ್ನು ಕುವೈತಿಗೆ ಕರೆಸಿಕೊಳ್ಳಲು ಬೇಕಾದ ಕನಿಷ್ಠ ಸಂಬಳ 2016ರವರೆಗೆ 250 ದಿನಾರ್. ಆ ವರ್ಷ 450 ಆಯಿತು, 2019ರಲ್ಲಿ 500, 2024ರ ಜನವರಿಯಲ್ಲಿ 800. ಅದರ ಜೊತೆಗೆ ಪದವಿಯೂ ಬೇಕು ಎಂದರು. ಆರು ತಿಂಗಳಾಗುವಾಗ ಪದವಿ ಬೇಡ ಎಂದರು. ಹೀಗಿರುವಾಗ ಚಂದ್ರನಿಗೆ ಹೊಡೆದ ಹುಡುಗನ ಮೇಲೆ ನಾನು ಯಾವ ಬಾಯಲ್ಲಿ ತಕರಾರು ಎತ್ತಲಿ?

ಪೆಗಾಸಸ್‌ನನ್ನು ಶಕುನಿ ಎಂದರೆ ಶಕುನಿಗೆ ಅವಮಾನ. ಗಾಂಧಾರದ ಮಾವ ದಾಳ ಒಂದನ್ನು ಮಾತ್ರ ಹಿಡಿದಿದ್ದ. ಇವನು ಆಟ ಹುಟ್ಟಿಸಿದವನು, ಪಂದ್ಯ ಕರೆದವನು, ಪಂದ್ಯ ನಡೆಯುವ ದ್ವೀಪದ ಒಡೆಯನೂ ಹೌದು. ಸಾಲದ್ದಕ್ಕೆ ಎಡಗಣ್ಣಿನ ಜಾಗದಲ್ಲಿ ಈಜಿಪ್ಟಿನ ಚಿನ್ನದ ಕಣ್ಣು, ಎದುರಿನವನ ಮನಸ್ಸಿನಲ್ಲಿರುವ ಎಲೆ ಅದಕ್ಕೆ ಕಾಣುತ್ತದೆ. ಇಂಥವನನ್ನು ಇಲ್ಲಿ ಕಫೀಲ್, ಅಂದರೆ ವೀಸಾ ಕೊಡಿಸಿದ ಮಾಲೀಕ, ಎನ್ನುತ್ತಾರೆ ಎಂದು ಬಾಯಿ ತುದಿಗೆ ಬಂತು, ನುಂಗಿಕೊಂಡೆ. ಗೋಡೆ ತೆಳು. ಪೆಗಾಸಸ್ ಯೂಗಿಯ ಅಜ್ಜನ ಆತ್ಮವನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ಕೂಡಿಹಾಕಿ ಆಟಕ್ಕೆ ಕರೆಯುತ್ತಾನೆ. ಮಗನಿಗೆ ಅದರಲ್ಲಿ ಭಯಾನಕವೇನೂ ಕಾಣಲಿಲ್ಲ. ಅವನು ಹುಟ್ಟಿದಾಗಿನಿಂದ ಕುಂದಾಪುರದ ಅಜ್ಜ ಫೋನಿನ ವಿಡಿಯೊದೊಳಗೇ ಇದ್ದಾರೆ.

ಇಡೀ ಸರಣಿಯಲ್ಲಿ ನನಗೆ ಮುಖಪರಿಚಯ ಇರುವವನು ಯೂಗಿಯ ಗೆಳೆಯ ಜೋಯಿ ಒಬ್ಬನೇ. ತಂಗಿಯ ಕಣ್ಣಿನ ಆಪರೇಷನ್ನಿಗೆ ದುಡ್ಡು ಬೇಕು, ಪಂದ್ಯಕ್ಕೆ ಕರೆಯಿಲ್ಲ, ಯೂಗಿ ತನ್ನ ಪಾಲಿನದರಲ್ಲಿ ಒಂದು ನಕ್ಷತ್ರದ ಪ್ರವೇಶಬಿಲ್ಲೆ ಕೊಟ್ಟದ್ದರಿಂದ ಹಡಗು ಹತ್ತಿದ. ಇವನು ನಮ್ಮವನು. ಇವನ ಚಾಪೆ ಯಾವ ರೂಮಿನಲ್ಲಿ, ತಿಂಗಳ ಮೆಸ್ಸಿಗೆ ಎಷ್ಟು ಕೊಡುತ್ತಾನೆ ಎಂದೂ ಹೇಳಬಲ್ಲೆ. ಬಿಲ್ಲೆ ಮುಗಿದವನನ್ನು ಆ ದ್ವೀಪದಿಂದ ಹೊರಗೆ ದಬ್ಬುತ್ತಾರೆ. ಇಲ್ಲಿ 2025ರ ಜುಲೈ 1ರಿಂದ ಖಾಸಗಿ ಕಂಪನಿಯ ವಿದೇಶಿ ನೌಕರ ರಜೆಗೆ ಊರಿಗೆ ಹಾರುವುದಕ್ಕೂ ಮಾಲೀಕರ ಅನುಮತಿ ಪತ್ರ ಬೇಕು. ಟ್ರ್ಯಾಪ್ ಕಾರ್ಡ್ ಎಂದರೆ ಏನೆಂದು ಮಗ ವಿವರಿಸಲು ಬಂದ. ಬೇಡ, ಗೊತ್ತು ಎಂದೆ.

ಅಮೆರಿಕದವರು ಇಂಗ್ಲಿಷ್ ಮಾಡುವಾಗ ಮಕ್ಕಳು ಹೆದರಬಾರದೆಂದು ಬಂದೂಕುಗಳನ್ನು ಅಳಿಸಿದರು. ಸೂಟುಧಾರಿಗಳು ಬರಿಯ ಬೆರಳು ತೋರಿಸಿ ಹೆದರಿಸುತ್ತಾರೆ, ಎದುರಿನವರು ಕೈ ಎತ್ತುತ್ತಾರೆ. ಸಾಯಬೇಕಾದವರು 'ಛಾಯಾಲೋಕ'ಕ್ಕೆ ಹೋಗುತ್ತಾರೆ. ನಮ್ಮ ಕಟ್ಟಡದಲ್ಲೂ ಯಾರ ಕೆಲಸವೂ ಹೋಗುವುದಿಲ್ಲ, ಜನ ಸುಮ್ಮನೆ 'ಕ್ಯಾನ್ಸಲ್' ಆಗುತ್ತಾರೆ.

ರಾತ್ರಿ ಕನ್ನಡದ ಬಳಗದವರೊಬ್ಬರು ಬಂದರು. ಟೀವಿ ನೋಡಿ, "ಮಕ್ಕಳಿಗೆ ಜೂಜು ಕಲಿಸ್ತೀರಲ್ಲ ಮಾರಾಯ್ರೆ" ಎಂದರು. ಪ್ರತಿ ಯುಗಾದಿಗೆ ನಸುಕಿನವರೆಗೆ ರಮ್ಮಿ ಆಡುವ ಮಹನೀಯರು. ಗಂಡಸರ ಬೈಠಕ್ಕಾದ ದಿವಾನಿಯಾಗಳಲ್ಲಿ ಕುವೈತಿಗಳು ಆರು ಜನ, ಮೂವರಂತೆ ಎರಡು ಪಂಗಡವಾಗಿ 'ಕೂತ್ ಬೋ ಸಿತ್ತ' ಎಂಬ ಇಸ್ಪೀಟು ಆಡುವುದನ್ನು ಇವರೇ ನನಗೆ 'ಸಂಸ್ಕೃತಿ' ಎಂದು ತೋರಿಸಿದ್ದರು. ನಾನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅಡ್ಡ ಹಿಡಿದೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡರು. ಅರಸರು 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಗಂಜೀಫ ಎಲೆಗಳ ಹದಿಮೂರು ಆಟಗಳಿಗೆ ಜಾಗ ಕೊಟ್ಟರು. ದೊಡ್ಡದಕ್ಕೆ 360 ಎಲೆ. ಎಲೆಗಳಲ್ಲಿ ದೇವರು, ರಾಜ, ಮಂತ್ರಿ. ರಾಜ್ಯದ ರೂಲ್ಸು ಕಮಿಷನರರ ಕೈಗೆ ಹೋದ ಮೇಲೆ ಎಲೆಯ ರೂಲ್ಸಾದರೂ ತನ್ನ ಕೈಯಲ್ಲಿರಲಿ ಎಂದು ಅರಮನೆಗೆ ಅನಿಸಿರಬೇಕು. ಬಂದವರು ಚಹಾ ಮುಗಿಸಿ, ಹೊರಡುವ ಮುನ್ನ ಕಿಸೆ ಮುಟ್ಟಿ ಸಿವಿಲ್ ಐಡಿ ಕಾರ್ಡು ಇದೆಯೇ ಎಂದು ನೋಡಿಕೊಂಡರು. ಎಲ್ಲರೂ ನೋಡಿಕೊಳ್ಳುತ್ತೇವೆ. 'ಎಲೆಯ ಹೃದಯವನ್ನು ನಂಬು' ಎನ್ನುವ ಯೂಗಿಯ ಅಜ್ಜನಿಗೂ ಒಂದು ಎಲೆಯ ಮೇಲೆ ಇಷ್ಟು ಭಕ್ತಿ ಇರಲಿಲ್ಲ.

ನಿನ್ನೆ 49 ಮುಗಿಯಿತು. ಕೊನೆಯ ನಾಲ್ಕು ಕಂತು ಎಲೆ ಬಿಟ್ಟು ದಾಳದ ಆಟ. ಸುತ್ತಿ ಬಳಸಿ ಪಗಡೆಗೇ ಬಂದರು. ಮಗ ಎರಡನೇ ಸೀಸನ್ನಿಗೆ ಕೈಹಾಕಿದ್ದಾನೆ.

"ಅಪ್ಪ, ಇದರಲ್ಲಿ ರೂಲ್ಸು ಬೇರೆ. ದೊಡ್ಡ ಮಾನ್‌ಸ್ಟರ್ ಬರಬೇಕಾದ್ರೆ ಮೊದಲು ಎರಡು ಸಣ್ಣದನ್ನು ಬಲಿ ಕೊಡಬೇಕು."

ಕಳೆದ ತಿಂಗಳು ನಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದ ದಿನ ಸ್ಟೋರಿನವರು ಕ್ಯಾನ್ಸಲ್ ಆಗಿದ್ದರು. ಎಣಿಸಿ ನೋಡಿದೆ, ಸರಿಯಾಗಿ ಇಬ್ಬರು.