ದಂತಚಕ್ರ ಮೀಮಾಂಸೆ: ಶೆಟ್ಟಿಹಳ್ಳಿ ಪಾಠ

ಬೆಟ್ಟ ಹತ್ತುವ ಸೈಕಲ್ಲಿಗೆ ಎಷ್ಟು ದುಡ್ಡು ಸುರಿದರೆ ಎಷ್ಟು ಹಲ್ಲು, ಎಷ್ಟು ಹಿಡಿತ? ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಈ ಬಗ್ಗೆ ಎರಡು ಮತಗಳಿವೆ. ಒಂದು ನನ್ನದು, ಇನ್ನೊಂದು ಪಂಕ್ಚರ್ ಅಂಗಡಿ ಅಜ್ಜನದು. ಅಜ್ಜನದು ಮೌಖಿಕ ಪರಂಪರೆಯಾದ್ದರಿಂದ ಅಡಿಟಿಪ್ಪಣಿಗೆ ತಳ್ಳೋಣವೆಂದಿದ್ದೆ. ಅದು ತಳ್ಳಿಸಿಕೊಳ್ಳಲಿಲ್ಲ.

ಮೊದಲಿಗೆ ಲೋಕವಿಚಾರ. ಜಪಾನಿನ ಸಕಾಯ್‌ನಲ್ಲಿ 1921ರಲ್ಲಿ ಹುಟ್ಟಿ, ಫ್ರೀವೀಲ್ ಮಾಡುತ್ತಾ ಬೆಳೆದ ಶಿಮಾನೊ ಕಂಪನಿ ಕಾಲಕ್ರಮೇಣ ಗೇರುಗಳಿಗೆ, ಅಗ್ಗದಿಂದ ದುಬಾರಿಗೆ, ಟೂರ್ನಿ, ಆಲ್ಟಸ್, ಏಸೆರಾ, ಅಲಿವಿಯೊ, ಡಿಯೋರ್, ಎಸ್‌ಎಲ್‌ಎಕ್ಸ್, ಎಕ್ಸ್‌ಟಿ, ಎಕ್ಸ್‌ಟಿಆರ್ ಎಂದು ಎಂಟು ಮೆಟ್ಟಿಲು ಕಟ್ಟಿತು. ನಮ್ಮ ಪುರಾಣಕ್ಕೆ ಏಳೇ ಊರ್ಧ್ವಲೋಕ ಸಾಕಾಗಿತ್ತು. ಎಂಟನೆಯದು ಇಎಂಐ ಕಾಲದ ಪ್ರಕ್ಷಿಪ್ತವೆಂದು ನನ್ನ ವಾದ. 2023ರಲ್ಲಿ ಕಂಪನಿಯೇ ಕೆಳಗಿನ ಕೆಲವು ಲೋಕಗಳನ್ನು ‘ಕ್ಯೂಸ್’ ಎಂಬ ಒಂದೇ ಹೆಸರಿಗೆ ಸೇರಿಸಹೊರಟು, ನನ್ನ ಪಟ್ಟಿ ಅಚ್ಚಿಗೆ ಹೋಗುವ ಮೊದಲೇ ಹಳಗನ್ನಡವಾಯಿತು.

ಇವೆಲ್ಲಕ್ಕೂ ಕೆಳಗೆ, 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್. ಗೇರು ಒಂದೇ, ಅದ್ವೈತ. ಓದಿದ ಹುಡುಗಿ ಮದುವೆಯಾಗಿ ಹೋದಮೇಲೂ ಅದು ಅವಳಪ್ಪನ ಹುಲ್ಲುಹೊರೆ ಹೊರುತ್ತದೆ.

ಟೂರ್ನಿಯ ಭಕ್ತರು ‘21 ಗೇರ್’ ಎಂದು ಬೀಗುವುದುಂಟು. ಮುಂದೆ ಮೂರು ಚಕ್ರ, ಹಿಂದೆ ಏಳು. ಆದರೆ ಕಾವ್ಯಶಾಸ್ತ್ರ ಬಲ್ಲವರು ಇದರಲ್ಲಿ ಪುನರುಕ್ತಿ ದೋಷ ಕಾಣದಿರಲಾರರು. ಮುಂದಿನ 42 ಹಲ್ಲಿಗೆ ಹಿಂದಿನ 24 ಸೇರಿದರೆ 1.75; 34ಕ್ಕೆ 20 ಸೇರಿದರೆ 1.70, 24ಕ್ಕೆ 14 ಸೇರಿದರೆ 1.71. ಮೂರು ಪದ, ಅರ್ಥ ಒಂದೇ. ಮೇಲಿನ ಲೋಕದವರು ಇದನ್ನರಿತು ಮುಂದಿನ ಎರಡು ಚಕ್ರಗಳನ್ನೇ ಕಿತ್ತೆಸೆದು ಹಿಂದೆ ಹನ್ನೆರಡು ಪೋಣಿಸಿದರು.

ಇಲ್ಲೊಂದು ಗುಟ್ಟು. ಈ ಹನ್ನೆರಡರ ಹಲ್ಲುಗಳು ಡಿಯೋರ್‌ನಲ್ಲೂ 10ರಿಂದ 51, ಎಕ್ಸ್‌ಟಿಆರ್‌ನಲ್ಲೂ 10ರಿಂದ 51. ದೇವರಾಯನದುರ್ಗದ ಏರಿಗೆ ಎರಡೂ ಒಂದೇ. ಮತ್ತೆ ಅಷ್ಟೊಂದು ದುಡ್ಡು ಯಾತಕ್ಕೆ? ಒಂದು ಉಕ್ಕು, 593 ಗ್ರಾಂ; ಇನ್ನೊಂದರಲ್ಲಿ ಟೈಟಾನಿಯಂ ಬೆರೆತು 367 ಗ್ರಾಂ. ಉಳಿತಾಯ 226 ಗ್ರಾಂ. ಸಾಧಕನು ಇದನ್ನು ಸಾಲ ಮಾಡಿ ಇಳಿಸಿಕೊಂಡು, ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಬೆಣ್ಣೆ ಸಮೇತ ವಾಪಸು ಹತ್ತಿಸಿಕೊಳ್ಳುತ್ತಾನೆ.

ಬ್ರೇಕಿನ ವಿಷಯಕ್ಕೆ ಬಂದರೆ ನಾನು ದುಡ್ಡಿನ ಪಕ್ಷ. ಮಳೆಯಲ್ಲಿ ಒದ್ದೆಯಾದ ರಿಮ್ಮಿಗೆ ರಬ್ಬರ್ ಹಿಡಿಯುವುದು ಕಷ್ಟ. ಡಿಸ್ಕ್ ಕೆಸರಿನಿಂದ ದೂರ, ಚಕ್ರದ ನಡುವಲ್ಲಿದೆ. ವೈರಿನ ಡಿಸ್ಕನ್ನು ಆಗಾಗ ಬಿಗಿ ಮಾಡುತ್ತಿರಬೇಕು. ಎಣ್ಣೆಯ ಒತ್ತಡದ್ದಕ್ಕೆ ಒಂದು ಬೆರಳು ಸಾಕು. ಆದರೆ ಇಲ್ಲಿ ಪಂಥಭೇದವಿದೆ: ಶಿಮಾನೊದವರಿಗೆ ಮಿನರಲ್ ಎಣ್ಣೆ, ಪ್ರತಿಸ್ಪರ್ಧಿ ಸ್ರಾಮ್ ಕಂಪನಿಯವರಿಗೆ ಬಹುಕಾಲ ಡಾಟ್ ದ್ರವ. ಒಬ್ಬರ ತೀರ್ಥ ಇನ್ನೊಬ್ಬರ ಗಂಟಲಿಗೆ ಬಿದ್ದರೆ ರಬ್ಬರ್ ಸೀಲು ಕೆಟ್ಟಿತೆಂದೇ ಲೆಕ್ಕ.

ಅಜ್ಜನ ಮತ ಚಿಕ್ಕದು: “ಚಪ್ಪಲಿ ಇದ್ರೆ ಬ್ರೇಕ್ ಇದ್ದಂಗೆ.” ಟೈರಿಗೆ ಹಿಮ್ಮಡಿ ಒತ್ತುವ ಈ ಪದ್ಧತಿ ಒಳಪೆಡಲಿನಷ್ಟೇ ಪ್ರಾಚೀನ. ಇದನ್ನು ಖಂಡಿಸಲೆಂದೇ ಹೊಸ ಸೈಕಲ್ ಅವರ ಮುಂದೆ ನಿಲ್ಲಿಸಿದೆ. “ಚೈನ್ ಕಿರ್ರ್ ಅಂತೈತೆ, ಎಣ್ಣೆ ಬಿಡಿ” ಎಂದರು. ಬಿಟ್ಟೆ, ಧಾರಾಳವಾಗಿ. ನಾಲ್ಕು ಹನಿ ಹಿಂದಿನ ಡಿಸ್ಕಿನ ಮೇಲೆ ಬಿದ್ದದ್ದನ್ನು ಪ್ರಬಂಧಕಾರ ಗಮನಿಸಲಿಲ್ಲ. ಇಳಿಜಾರಿನಲ್ಲಿ ಒಂದು ಬೆರಳು ಒತ್ತಿದೆ, ಆಮೇಲೆ ನಾಲ್ಕೂ ಒತ್ತಿದೆ. ಕೊನೆಗೆ ಎರಡು ಕಾಲನ್ನೂ ನೆಲಕ್ಕೆ ಕೊಟ್ಟು, ಹಸುವೊಂದರ ಮೂತಿಯ ಮುಂದೆ ನಿಂತೆ.

ಅಜ್ಜ ನಿಧಾನವಾಗಿ ಬಂದು, ಬಗ್ಗಿ, ಬಾಯಿಬಿಟ್ಟ ಅಟ್ಟೆಯನ್ನು ಮುಟ್ಟಿ ನೋಡಿದರು.

“ಶೂಗೆ ಎಷ್ಟು ಕೊಟ್ರಿ ಮೇಷ್ಟ್ರೇ?”